ಮೊಆಯಿಗಳಿಗೆ ಬೆನ್ನು ಹಾಕಿ

ಈಸ್ಟರ್ ದ್ವೀಪಕ್ಕೆ ಎಲ್ಲರೂ ಹೋಗುವುದು ಮೊಆಯಿ ಎಂಬ ಆ ದೊಡ್ಡ ಕಲ್ಲುಮೂರ್ತಿಗಳನ್ನು ನೋಡಲು. ನಾನು ಹೋಗಿದ್ದು ಒಂದು ಮೀನಿಗಾಗಿ. ವಿಮಾನದಲ್ಲಿ ಪಕ್ಕ ಕೂತವರಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟರು.

ಸ್ಯಾಂಟಿಯಾಗೋದಿಂದ ಐದು ಗಂಟೆಗೂ ಜಾಸ್ತಿ ಪ್ರಯಾಣ, ಕೆಳಗೆ ಬರೀ ನೀರು. ಚಿಲಿಯ ಕರಾವಳಿ ಸುಮಾರು 3,500 ಕಿ.ಮೀ. ಹಿಂದೆ ಉಳಿಯುತ್ತದೆ. ಆಚೆ ಕಡೆ ಜನ ಇರುವ ಹತ್ತಿರದ ಜಾಗ ಪಿಟ್‌ಕೇರ್ನ್, ಅದೂ ಸುಮಾರು 2,000 ಕಿ.ಮೀ. ನನ್ನ ಮೀನಿನ ಕಥೆಯೆಲ್ಲ ಈ ದೂರದಲ್ಲೇ ಇದೆ. ಮೀನಿನ ಮರಿಗಳು ಮೊದಲ ಕೆಲವು ವಾರ ನೀರಿನ ಸೆಳೆತಕ್ಕೆ ತೇಲಿಕೊಂಡು ಹೋಗುತ್ತವೆ, ಅಷ್ಟರಲ್ಲಿ ದಡ ಸಿಗದಿದ್ದರೆ ಮುಗೀತು. ಯಾವ ಕಾಲದಲ್ಲೋ ಹೇಗೋ ಇಲ್ಲಿ ಮುಟ್ಟಿದ ಕೆಲವು ಇಲ್ಲೇ ಉಳಿದು, ತಲೆಮಾರುಗಳು ಕಳೆದಂತೆ ಬೇರೆ ಜಾತಿಗಳೇ ಆಗಿಬಿಟ್ಟವು. ಇಲ್ಲಿನ ದಡದ ಮೀನುಗಳಲ್ಲಿ ಹೆಚ್ಚುಕಡಿಮೆ ಐದಕ್ಕೊಂದು ಜಾತಿ ಬೇರೆಲ್ಲೂ ಇಲ್ಲ.

ನಾನು ಹುಡುಕುತ್ತಿದ್ದದ್ದು ಕೀಟೊಡಾನ್ ಲೀಟಸ್ ಎಂಬ ಚಿಟ್ಟೆಮೀನನ್ನು. 1973ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಅದು. ದ್ವೀಪದ ಮೂಲ ನಿವಾಸಿಗಳಾದ ರಾಪಾ ನೂಯಿ ಜನರ ಬಾಯಲ್ಲಿ ಇದು ತಿಪಿತಿಪಿ ಉರಿ. ಅವರ ಭಾಷೆಯಲ್ಲಿ ‘ಉರಿ’ ಅಂದರೆ ಕಪ್ಪು. ನಮ್ಮ ಉರಿಯನ್ನು ನೆನೆದು ನಾನು ಕೆಂಪು ಮೀನನ್ನು ಕಲ್ಪಿಸಿಕೊಂಡಿದ್ದೆ!

ಹಂಗಾ ರೋವಾ ಈ ದ್ವೀಪದ ಒಂದೇ ಊರು. ಎರಡು ದಿನ ಅಲೆ ಜೋರಾಗಿದ್ದು ದೋಣಿಯೇ ಹೊರಡಲಿಲ್ಲ. ಸುಮ್ನೆ ಬಂದರಿನ ಕಟ್ಟೆ ಮೇಲೆ ಕೂತು ಆಮೆಗಳನ್ನು ನೋಡಿದೆ. ಮೂರನೇ ದಿನ ನೀರಿಗಿಳಿದೆ. ಅಬ್ಬಾ, ಆ ನೀರು! ದ್ವೀಪದಲ್ಲಿ ಒಂದು ನದಿಯೂ ಇಲ್ಲ, ಕೆಸರು ಬಂದು ಸೇರುವುದಿಲ್ಲ, ಸಮುದ್ರದಲ್ಲಿ ಸತ್ವ ಕಡಿಮೆಯಾದ್ದರಿಂದ ಪಾಚಿಯಂಥ ಸಣ್ಣ ಜೀವಿಗಳೂ ಕಡಿಮೆ, ಹಾಗಾಗಿ ನೀಲಿ ಗಾಜಿನೊಳಗೆ ಇಳಿದಂತೆ ಎಷ್ಟೋ ದೂರದವರೆಗೆ ಕಾಣುತ್ತದೆ. ಕೆಳಗೆ ಕರಿ ಲಾವಾ ಬಂಡೆ, ಅಲ್ಲಲ್ಲಿ ಹವಳ.

ಜೊತೆಗಿದ್ದ ಗೈಡ್ ಒಂದು ಬಂಡೆಯತ್ತ ಬೆರಳು ತೋರಿಸಿದರು. ನಾಲ್ಕೈದು ಮೀನು. ಅಂಗೈ ಅಗಲ, ಕಂದುಗಪ್ಪು ಮೈ, ರೆಕ್ಕೆ ಬಾಲ ಮಾತ್ರ ಬಿಳಿ. ನಿಜ ಹೇಳಬೇಕೆಂದರೆ ಮೊದಲು ಬೇಜಾರಾಯಿತು. ಚಿಟ್ಟೆಮೀನು ಅಂದರೆ ಹಳದಿ, ಪಟ್ಟೆ, ಚುಕ್ಕೆ ಎಲ್ಲ ಇರಬೇಕು ಅಲ್ವಾ? ಆದರೆ ಆ ಕರಿ ಬಂಡೆಯ ಮುಂದೆ ಮೈ ಮರೆಯಾಗಿ ಬಿಳಿ ಅಂಚು ಮಾತ್ರ ಓಡಾಡುತ್ತಿತ್ತು. ಸಿಲಿಂಡರ್ ಖಾಲಿಯಾಗುವವರೆಗೂ ಅಲ್ಲಿಂದ ಕದಲಲಿಲ್ಲ.

2018ರಿಂದ ಈ ಸುತ್ತಿನ ಏಳು ಲಕ್ಷ ಚದರ ಕಿ.ಮೀ.ಗೂ ಜಾಸ್ತಿ ಸಮುದ್ರ ರಕ್ಷಿತ ಪ್ರದೇಶ. ದೊಡ್ಡ ಹಡಗುಗಳ ಮೀನುಗಾರಿಕೆಗೆ ತಡೆ ಇದೆ, ದ್ವೀಪದವರು ಹಿಂದಿನಿಂದ ಬಂದ ರೀತಿಯಲ್ಲಿ ಹಿಡಿಯಬಹುದು.

ಕೊನೆಯ ಸಂಜೆ ತಹಾಯ್‌ಗೆ ಹೋದೆ. ಅಲ್ಲಿನ ಮೊಆಯಿಗಳು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿವೆ, ಅವುಗಳ ಹಿಂದೆ ಸೂರ್ಯ ಮುಳುಗುವುದನ್ನು ಹಿಡಿಯಲು ಜನ ಕ್ಯಾಮೆರಾ ಹಿಡಿದು ಕೂತಿದ್ದರು. ನನ್ನ ಚಿಟ್ಟೆಮೀನಿನ ಮರಿಗಳು ದಡದ ಬಂಡೆಗುಳಿಗಳಲ್ಲಿ ಇರುತ್ತವಂತೆ. ಅದಕ್ಕೇ ನಾನು ಆಚೆಯ ದಡಕ್ಕೆ ಇಳಿದು ಒಂದೊಂದೇ ಗುಳಿಗೆ ಇಣುಕಿದೆ. ಮರಿ ಸಿಗಲಿಲ್ಲ, ಶೂ ಒದ್ದೆಯಾಯಿತು. ಯಾರದಾದರೂ ಫೋಟೋದ ಮೂಲೆಯಲ್ಲಿ ಬೋರಲು ಮಲಗಿದ ಒಂದು ಆಕಾರ ಕಂಡರೆ, ಅದು ನಾನೇ.