ದಡಕ್ಕೆ ಕಲ್ಲು ಸುರಿಯುವ ಮುನ್ನ

ನದಿದಡದ ಪುರಾತತ್ವ ನೆಲೆಗಳು ನೆರೆ ಏರುವಾಗಿನದಕ್ಕಿಂತ ಇಳಿಯುವಾಗ ಹೆಚ್ಚು ಕುಸಿಯುತ್ತವೆ. ಮಣ್ಣು ನೆನೆದು ಭಾರವಾಗಿರುತ್ತದೆ, ಹೊರಗಿನಿಂದ ಒತ್ತಿ ಹಿಡಿದಿದ್ದ ನೀರು ಸರಿದಿರುತ್ತದೆ. ಆದ್ದರಿಂದ ತಪಾಸಣೆ ನೆರೆ ಇಳಿದ ಕೂಡಲೇ ಆಗಲಿ, ಮೊದಲು ದಡದ ಬುಡ ನೋಡಿ. ಬುಡ ಕೊರೆದಿದ್ದರೆ ಮೇಲೆ ಏನು ಹೊದಿಸಿದರೂ ದಂಡ.

ಹೊದಿಕೆಗೆ ಪ್ಲಾಸ್ಟಿಕ್ ಹಾಳೆ ಬೇಡ, ಹಿಂದೆ ನೀರು ಕಟ್ಟುತ್ತದೆ. ನೀರು ಬಸಿಯುವ ಜಿಯೋಟೆಕ್ಸ್‌ಟೈಲ್ (ಮಣ್ಣಿಗೆ ಹಾಸುವ ಬಟ್ಟೆ) ಹಾಸಿ, ಅದರ ಮೇಲೆ ಅವಶೇಷಗಳಿಲ್ಲದ, ಬಣ್ಣದಲ್ಲಿ ಬೇರೆಯಾದ ಮಣ್ಣು ಹಾಕಿ. ಮುಂದೆ ಅಗೆಯುವವರಿಗೆ ಗಡಿ ಗೊತ್ತಾಗುತ್ತದೆ. ಬಟ್ಟೆಯ ಅಂಚು ಹೂಳಲು ತೋಡುವ ಕಾಲುವೆಯೇ ಅವಶೇಷಗಳಿರುವ ಮಣ್ಣಿನ ಪದರಗಳನ್ನು ಕತ್ತರಿಸುವುದುಂಟು (ರಕ್ಷಣೆಯ ಹೆಸರಲ್ಲಿ!). ಅದು ನೆಲೆಯ ಆಚೆಗಿರಲಿ, ಇಲ್ಲವೇ ಅಂಚಿನ ಮೇಲೆ ಭಾರ ಹೇರಿದರೆ ಸಾಕು. ನೆಡುವುದಾದರೆ ಹುಲ್ಲು ನೆಡಿ; ಮರದ ದಪ್ಪ ಬೇರು ಪದರಗಳನ್ನು ಕಲಕುತ್ತದೆ.

ಚೆನ್ನಾಗಿ ಕಾಪಾಡಿದ ನೆಲೆಯಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಅನುದಾನ ಕೇಳುವಾಗ ಇದೇ ತೊಡಕು.

ಅಡ್ಡಾಡುವಾಗ ಮಡಕೆ ಚೂರು ಕಂಡರೆ ಎತ್ತಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೋ, ದಡದ ಎತ್ತರ ಕಾಣುವಂತೆ ಇನ್ನೊಂದು ತೆಗೆದು ಸಂಬಂಧಪಟ್ಟ ಇಲಾಖೆಗೆ ಕಳುಹಿಸಿ. ಆನ್‌ಲೈನ್‌ನಲ್ಲಿ ಹಾಕುವುದಾದರೆ ಫೋಟೋದೊಳಗಿನ ಜಿಪಿಎಸ್ ಮಾಹಿತಿ ಅಳಿಸಿ; ನಿಧಿ ಅಗೆಯುವವರೂ ಅದನ್ನು ಓದುತ್ತಾರೆ.