ನಿಂತೇ ಕಳೆದ ಎರಡೂಮುಕ್ಕಾಲು ಗಂಟೆ

ಬೆಳಗಿನ ಐದೂವರೆ. ಇನ್ನೂ ಕತ್ತಲು. ಆಯೋಜಕರಲ್ಲೊಬ್ಬರು ನನ್ನ ಸೈಕಲ್ಲಿನ ಹಿಂದಿನ ಕೆಂಪು ದೀಪವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು.

‘ಇದು ಬಿಗಿಯಾಗಿಲ್ಲ, ಸರಿಯಾಗಿ ಕಟ್ಕೊಳ್ಳಿ.’

‘ಸಂಜೆ ಐದಕ್ಕೆಲ್ಲ ವಾಪಸ್ ಬಂದಿರ್ತೀನಿ ಸರ್, ದೀಪ ಬೇಕಾಗಲ್ಲ’ ಎಂದೆ.

ಅವರು ನಕ್ಕರು, ಆದರೆ ಕಾರ್ಡ್ ಮಾತ್ರ ಕೊಡಲಿಲ್ಲ. ಯಾರದೋ ಹತ್ತಿರ ರಬ್ಬರ್ ಬ್ಯಾಂಡ್ ಕೇಳಿ ತಂದು ನಾಲ್ಕು ಸುತ್ತು ಸುತ್ತಿದ ಮೇಲೆ ಬ್ರೆವೆ ಕಾರ್ಡ್ ಕೈಗೆ ಬಂತು.

ಬ್ರೆವೆ ಅಂದರೆ ಗೊತ್ತುಮಾಡಿದ ದೂರವನ್ನು ಗಡುವಿನೊಳಗೆ ಮುಗಿಸಬೇಕಾದ ಸೈಕಲ್ ಸವಾರಿ. ಅದು ನನ್ನ ಮೊದಲ 200 ಕಿಲೋಮೀಟರಿನದು. ವಾರಕ್ಕೊಮ್ಮೆ ಅರವತ್ತು ಎಪ್ಪತ್ತು ಕಿಲೋಮೀಟರ್ ತುಳಿದು ಬರುತ್ತಿದ್ದ ನನಗೆ ಲೆಕ್ಕ ಸುಲಭವಾಗಿ ಕಂಡಿತ್ತು. ಎಪ್ಪತ್ತನ್ನು ಮೂರು ಸಲ ತುಳಿದರೆ ಮುಗಿಯಿತಲ್ಲ! ಬ್ರೆವೆ ಅಂದರೆ ರೇಸ್ ಅಲ್ಲ ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ಕೇಳಿಸಿಕೊಂಡಿದ್ದೆ, ನಂಬಿರಲಿಲ್ಲ. ಫಲಿತಾಂಶದಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಅಂತ ಇರುವುದಿಲ್ಲ. ಇರುವುದು ಗಡುವು ಮಾತ್ರ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಸರಿಸುಮಾರು ಗಂಟೆಗೆ 15 ಕಿಲೋಮೀಟರ್. ‘ಇಷ್ಟೇನಾ?’ ಅನ್ನಿಸುವ ವೇಗ. ಆದರೆ ಆ ಹದಿನೈದರೊಳಗೆ ಊಟ, ನೀರು, ಪಂಚರ್, ದಾರಿ ತಪ್ಪುವುದು, ಮೂತ್ರಕ್ಕೆ ನಿಲ್ಲುವುದು ಎಲ್ಲವೂ ಸೇರಿವೆ ಎಂಬುದು ಹೊಸಬರ ತಲೆಗೆ ಹೋಗುವುದಿಲ್ಲ. ನಡುವಿನ ಕಂಟ್ರೋಲುಗಳಿಗೂ, ಅಂದರೆ ತಪಾಸಣೆಯ ತಾಣಗಳಿಗೂ, ಒಂದೊಂದು ಗಡುವು ಇರುತ್ತದೆ. ಅಲ್ಲಿ ಕಾರ್ಡಿಗೆ ಮುದ್ರೆ ಬೀಳಬೇಕು. ಹೇಳದೆ ಕೇಳದೆ ದಾರಿಯಲ್ಲಿ ಒಂದು ಗುಟ್ಟಿನ ಕಂಟ್ರೋಲೂ ಇರಬಹುದು, ಯಾರೂ ಅಡ್ಡದಾರಿ ಹಿಡಿಯಬಾರದಲ್ಲ.

ಆರು ಗಂಟೆಗೆ ಹೊರಟೆವು. ಮುಂದೆ ಏಳೆಂಟು ಜನರ ಒಂದು ಗುಂಪು ಸಿಕ್ಕಿತು. ಒಬ್ಬರ ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಹೋದರೆ ಗಾಳಿಯ ಹೊಡೆತವನ್ನು ಅವರೇ ತಿನ್ನುತ್ತಾರೆ, ನಮ್ಮ ಶ್ರಮ ಎಷ್ಟೋ ಉಳಿಯುತ್ತದೆ. ಎಂದೂ 23 ದಾಟದ ನಾನು ಗಂಟೆಗೆ 27ರಲ್ಲಿ ಹಾರುತ್ತಿದ್ದೆ. 52ನೇ ಕಿಲೋಮೀಟರಿನ ಮೊದಲ ಕಂಟ್ರೋಲ್ ತಲುಪಿದಾಗ 7:56. ಗಡುವು 9:36ಕ್ಕಿತ್ತು. ಒಂದು ಗಂಟೆ ನಲವತ್ತು ನಿಮಿಷ ಕೈಯಲ್ಲಿದೆ ಎಂದು ಬೀಗಿದೆ.

ಈ ಬಗೆಯ ಸವಾರಿಯನ್ನು ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್ ಎಂಬ ಫ್ರಾನ್ಸಿನ ಸಂಸ್ಥೆ 1921ರಲ್ಲಿ ಶುರು ಮಾಡಿತು. ಅದಕ್ಕೆ ಮೊದಲು ಎಲ್ಲರೂ ಗುಂಪಾಗಿ, ಮುಂದಾಳು ಹಿಡಿದ ವೇಗದಲ್ಲೇ ಹೋಗಬೇಕಿತ್ತು. ನಿನ್ನ ವೇಗ ನಿನಗೆ, ಗಡುವಿನೊಳಗೆ ಬಂದರೆ ಸಾಕು ಎಂಬ ಸ್ವಾತಂತ್ರ್ಯ ಆಮೇಲೆ ಬಂದದ್ದು. ಅದನ್ನು ಮೊದಲ ಎರಡು ಗಂಟೆಯಲ್ಲೇ ನಾನು ಯಾರೋ ಅಪರಿಚಿತರ ಹಿಂಬದಿ ಚಕ್ರಕ್ಕೆ ಒಪ್ಪಿಸಿಬಿಟ್ಟಿದ್ದೆ.

ಪೆಟ್ಟು ಬಿದ್ದದ್ದು 85ನೇ ಕಿಲೋಮೀಟರಿನ ಸುಮಾರಿಗೆ. ಮೊದಲು ಏರು ಜಾಸ್ತಿ ಇದೆ ಅನ್ನಿಸಿತು. ಕೆಳಗೆ ನೋಡಿದರೆ ರಸ್ತೆ ಸಮತಟ್ಟಾಗಿತ್ತು. ಬ್ರೇಕ್ ಚಕ್ರಕ್ಕೆ ತಗಲುತ್ತಿದೆಯೇನೋ ಎಂದು ಇಳಿದು ಚಕ್ರ ತಿರುಗಿಸಿದೆ, ಸಲೀಸಾಗಿ ತಿರುಗಿತು. ಕೈ ನಡುಗುತ್ತಿತ್ತು, ಕಾರಣವಿಲ್ಲದೆ ಅಳು ಬರುವಂತಿತ್ತು. ಹಸಿವು ಮಾತ್ರ ಇರಲೇ ಇಲ್ಲ! ಸೈಕಲ್ಲಿನವರು ಇದಕ್ಕೆ ಬಾಂಕ್ ಎನ್ನುತ್ತಾರೆ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಜೋರಾಗಿ ತುಳಿದರೆ ಒಂದೆರಡು ಗಂಟೆಗೆಲ್ಲ ಬರಿದಾಗುತ್ತಾ ಬರುತ್ತದೆ. ಮೇಲಿಂದ ತುಂಬಿಸುತ್ತಾ ಇರಬೇಕು, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್. ಹಸಿವಾದ ಮೇಲೆ ತಿನ್ನುತ್ತೇನೆ ಎಂದು ಕೂತರೆ ಹೊತ್ತು ಮೀರಿರುತ್ತದೆ. ನನ್ನ ಜೇಬಿನಲ್ಲಿ ಎರಡು ಬಾಳೆಹಣ್ಣು ಹಾಗೇ ಇದ್ದವು, ಬೆವರಲ್ಲಿ ಬೆಂದು ಕಪ್ಪಾಗಿದ್ದವು. ಮರದ ಬುಡದಲ್ಲಿ ಕೂತು ಸಿಪ್ಪೆಗೆ ಅಂಟಿದ್ದನ್ನೂ ಬಿಡದೆ ತಿಂದೆ. ಇಪ್ಪತ್ತೈದು ನಿಮಿಷ ಅಲ್ಲೇ ಹೋಯಿತು.

103ನೇ ಕಿಲೋಮೀಟರಿಗೆ ಬಂದಾಗ 11:05. ಕಾರ್ಡನ್ನು ಬೆನ್ನ ಜೇಬಿನಲ್ಲಿ ಹಾಗೇ ಇಟ್ಟಿದ್ದೆನಲ್ಲ, ಬೆವರಿಗೆ ನೆಂದು ಮೊದಲ ಕಂಟ್ರೋಲಿನ ಮುದ್ರೆ ನೀಲಿ ಮೋಡವಾಗಿತ್ತು. ಮೇಜಿನ ಹಿಂದಿದ್ದ ಹುಡುಗ ಅದನ್ನು ಬೆಳಕಿಗೆ ಹಿಡಿದು ಓದಿ, ಏನೂ ಮಾತಾಡದೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟ. ನಾನು ನೆರಳಲ್ಲಿ ಕಾಲು ಚಾಚಿದೆ. ಶೂ ಬಿಚ್ಚಿದೆ. ಅದು ತಪ್ಪು, ಬಿಚ್ಚಿದ ಶೂ ಮತ್ತೆ ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ. ಅಷ್ಟರಲ್ಲಿ, 11:40ಕ್ಕಿರಬೇಕು, ಐವತ್ತು ದಾಟಿದ ಒಬ್ಬ ಮೇಡಂ ಬಂದರು. ಮುದ್ರೆ ಹಾಕಿಸಿಕೊಂಡು, ಬಾಟಲಿ ತುಂಬಿಸಿ, ಏನನ್ನೋ ಅಗಿಯುತ್ತಲೇ ಹೊರಟರು. ಐದು ನಿಮಿಷವೂ ಆಗಿರಲಿಲ್ಲ. ಪಾಪ, ನಿಧಾನದವರು, ಅವಸರದಲ್ಲಿದ್ದಾರೆ ಎಂದುಕೊಂಡೆ. ನಾನು ಎದ್ದಾಗ 11:55.

ವಾಪಸಿನ ದಾರಿಗೆ ಎದುರು ಗಾಳಿ. ಬೆಳಗ್ಗೆ 27ರಲ್ಲಿ ಹಾರಿದ್ದು ಗುಂಪಿನಿಂದಷ್ಟೇ ಅಲ್ಲ, ಹಿಂದಿನಿಂದ ಗಾಳಿ ತಳ್ಳುತ್ತಿತ್ತು ಎಂಬುದು ಆಗ ಹೊಳೆಯಿತು. ಏರಿಗೆ ಕೊನೆಯಿದೆ, ಹತ್ತಿದರೆ ಇಳಿಯಬಹುದು. ಗಾಳಿಗೆ ತುದಿಯಿಲ್ಲ. ತಲೆ ತಗ್ಗಿಸಿ 17ರಲ್ಲಿ ತುಳಿಯುತ್ತಾ ಹೋದೆ. ಮಧ್ಯಾಹ್ನ ಒಂದು ಗಂಟೆಗೆ ಆ ಮೇಡಂ ಸಿಕ್ಕರು, ಹಿಂದೆ ಹಾಕಿದೆ. ಅವರು ಕೈಯೆತ್ತಿದರು.

144ನೇ ಕಿಲೋಮೀಟರಿನಲ್ಲಿ ಹಿಂದಿನ ಚಕ್ರ ಮೆತ್ತಗಾಯಿತು. ಪಂಚರ್ ಹಾಕುವುದು ಬರುತ್ತದೆಂಬ ಹೆಮ್ಮೆ ಇತ್ತು. ಟೈರ್ ಕಳಚಿ, ಹೊಸ ಟ್ಯೂಬ್ ಹಾಕಿ, ಪಂಪ್ ಹೊಡೆದು ಹನ್ನೆರಡು ನಿಮಿಷಕ್ಕೆ ಹೊರಟೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಅದೇ ಮೆತ್ತನೆ. ಇದ್ದದ್ದು ಒಂದೇ ಟ್ಯೂಬ್. ಬ್ರೆವೆಯಲ್ಲಿ ಹಿಂದೆ ಕಾರು ಬರುವಂತಿಲ್ಲ, ನಮ್ಮವರು ಯಾರಾದರೂ ನೆರವಾಗುವುದಿದ್ದರೆ ಕಂಟ್ರೋಲಿನಲ್ಲಿ ಮಾತ್ರ. ರಸ್ತೆ ಬದಿಯಲ್ಲಿ ಚಕ್ರ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಮೇಡಂ ಬಂದು ನಿಂತರು.

‘ಟೈರಿನೊಳಗೆ ಬೆರಳಾಡ್ಸಿ ನೋಡಿದ್ರಾ?’

‘ಇಲ್ಲ ಮೇಡಂ. ಟ್ಯೂಬ್ ಬದಲಾಯಿಸ್ದೆ ಅಷ್ಟೆ.’

‘ಚುಚ್ಚಿದ್ದು ಇನ್ನೂ ಒಳಗೇ ಇದೆ. ಟ್ಯೂಬಿಗೆ ಗಾಳಿ ಹೊಡೀರಿ, ತೂತು ಎಲ್ಲಿದೆ ನೋಡಿ. ವಾಲ್ವಿಂದ ಅದು ಎಷ್ಟು ದೂರಾನೋ ಟೈರಲ್ಲೂ ಅಷ್ಟೇ ದೂರಕ್ಕೆ ಹುಡುಕಿ. ಮೆಲ್ಲಗೆ, ಬೆರಳು ಕುಯ್ದೀತು.’

ಅವರು ಚಕ್ರ ಮುಟ್ಟಲಿಲ್ಲ. ನಿಂತುಕೊಂಡೇ ನೀರು ಕುಡಿಯುತ್ತಾ ನೋಡಿದರು. ವಾಲ್ವಿನಿಂದ ಎರಡು ಗೇಣು ಆಚೆ ನನ್ನ ಬೆರಳಿಗೆ ಏನೋ ಚುಚ್ಚಿತು. ಕೂದಲಿನಷ್ಟು ಸಣ್ಣ ತಂತಿ. ಸಿಡಿದ ಲಾರಿ ಟೈರುಗಳಿಂದ ಇಂಥ ಉಕ್ಕಿನ ಎಳೆಗಳು ಹೆದ್ದಾರಿಯ ಅಂಚಿನಲ್ಲಿ ಚೆಲ್ಲಿರುತ್ತವೆ. ಹೊರಗಿನಿಂದ ಕಣ್ಣಿಗೆ ಕಾಣುವುದೇ ಇಲ್ಲ. ಉಗುರಿಗೆ ಸಿಗಲಿಲ್ಲ, ಹಲ್ಲಿಗೂ ಸಿಗಲಿಲ್ಲ. ಮೇಡಂ ಹ್ಯಾಂಡಲ್ ಚೀಲದಿಂದ ಒಂದು ನೇಲ್ ಕಟರ್ ತೆಗೆದು ಕೊಟ್ಟರು. ಅದರ ಬಾಯಿಗೆ ತಂತಿ ಸಿಕ್ಕಿತು. ಕತ್ತರಿಸಿ ಹೋಗದಂತೆ ಹಗುರವಾಗಿ ಹಿಡಿದು ಎಳೆದಾಗ ಬಂದದ್ದು ಜೀರಿಗೆಯಷ್ಟು ಉದ್ದದ ತುಂಡು.

‘ಪ್ಯಾಚ್ ಇದೆಯಲ್ಲ? ಗಮ್ ಒಣಗೋ ತನಕ ಕಾಯಿರಿ, ಅವಸರ ಮಾಡ್ಬೇಡಿ’ ಎಂದು ಕಟರ್ ವಾಪಸ್ ತೆಗೆದುಕೊಂಡು ಹೊರಟೇಬಿಟ್ಟರು. ನಾನು ಅವಸರ ಮಾಡಿದೆ, ಮೊದಲ ಪ್ಯಾಚ್ ಕಿತ್ತು ಬಂತು. ಎರಡನೆಯದು ಕೂತಿತು. ಒಟ್ಟು ಐವತ್ತು ನಿಮಿಷ.

154ನೇ ಕಿಲೋಮೀಟರಿನ ಕಂಟ್ರೋಲಿಗೆ 3:45ಕ್ಕೆ ಬಂದೆ. ಗಡುವು 4:16. ಬೆಳಗಿನ ಒಂದು ಗಂಟೆ ನಲವತ್ತು ನಿಮಿಷದಲ್ಲಿ ಉಳಿದದ್ದು 31 ನಿಮಿಷ.

ಕೊನೆಯ 48 ಕಿಲೋಮೀಟರಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ, ನೆನಪಿರುವುದೂ ಕಡಿಮೆ. ಕಿರುಬೆರಳು, ಉಂಗುರಬೆರಳು ಎರಡೂ ಮರಗಟ್ಟಿದ್ದವು. ಹ್ಯಾಂಡಲ್ ಮೇಲೆ ಗಂಟೆಗಟ್ಟಲೆ ಭಾರ ಬಿಟ್ಟರೆ ಅಂಗೈಯ ನರ ಒತ್ತಿಹೋಗಿ ಹಾಗಾಗುತ್ತದೆ, ಆಗಾಗ ಹಿಡಿತ ಬದಲಾಯಿಸಬೇಕು. ಕೂರುವ ಜಾಗದ ಕಥೆ ಇನ್ನೊಂದು. ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್ ಒಳಗೆ ಮತ್ತೊಂದು ಚಡ್ಡಿ ಹಾಕಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೊಲಿಗೆ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಚರ್ಮ ಕಿತ್ತಿತ್ತು. ಕತ್ತಲಾದಾಗ ಪ್ರತಿಫಲಿಸುವ ಜಾಕೆಟ್ ಹಾಕಿಕೊಂಡೆ. ರಬ್ಬರ್ ಬ್ಯಾಂಡ್ ಕಟ್ಟಿದ್ದ ದೀಪ ಹಚ್ಚಿದೆ. ಬೆಳಗ್ಗೆ ಅದನ್ನು ಅಲ್ಲಾಡಿಸಿದ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿದೆ.

ಮುಗಿದದ್ದು 7:11ಕ್ಕೆ. 13 ಗಂಟೆ 11 ನಿಮಿಷ. ಗಡುವಿಗೆ ಇನ್ನು 19 ನಿಮಿಷ ಉಳಿದಿತ್ತು. ಚಪ್ಪಾಳೆ ತಟ್ಟಲು ಜನ, ಕಮಾನು, ಹಾರ ಏನೂ ಇರಲಿಲ್ಲ. ಒಂದು ಮೇಜು, ಎರಡು ಕುರ್ಚಿ, ಒಬ್ಬ ಸ್ವಯಂಸೇವಕ. ಮೇಡಂ ಮುಕ್ಕಾಲು ಗಂಟೆ ಮೊದಲೇ ಬಂದು ಹೋಗಿದ್ದರು. ದಾರಿಯಲ್ಲಿ ಅವರಿಗಿಂತ ಬೇಗ ತುಳಿದವರಲ್ಲಿ ನಾನೂ ಒಬ್ಬ. ಮೀಟರ್ ನೋಡಿದೆ: ಚಕ್ರ ತಿರುಗಿದ್ದು 10 ಗಂಟೆ 25 ನಿಮಿಷ. ಮಿಕ್ಕ 2 ಗಂಟೆ 46 ನಿಮಿಷ ನಾನು ಎಲ್ಲೆಲ್ಲೋ ನಿಂತಿದ್ದೆ, ಕೂತಿದ್ದೆ, ಶೂ ಬಿಚ್ಚಿದ್ದೆ.

‘ಇಲ್ಲಿ ಸಹಿ ಮಾಡಿ’ ಎಂದು ಸ್ವಯಂಸೇವಕ ಕಾರ್ಡ್ ತಿರುಗಿಸಿ ಕೊಟ್ಟರು. ಪೆನ್ನು ಬೆರಳ ಸಂದಿಯಲ್ಲಿ ನಿಲ್ಲಲಿಲ್ಲ. ಮುಷ್ಟಿಯಲ್ಲಿ ಹಿಡಿದು, ಮಗು ಬಳಪ ಹಿಡಿದ ಹಾಗೆ, ಏನೋ ಗೀಚಿದೆ. ಅವರು ಕಾರ್ಡನ್ನೂ ನನ್ನನ್ನೂ ನೋಡಿದರು.

‘ಪರವಾಗಿಲ್ಲ ಬಿಡಿ, 200ರಲ್ಲಿ ಎಲ್ಲರ ಸಹಿಯೂ ಹೀಗೇ ಇರುತ್ತೆ. ಕೂತ್ಕೊಳ್ಳಿ ಈಗ.’

‘ಬೇಡ ಸರ್, ನಿಂತೇ ಇರ್ತೀನಿ’ ಎಂದೆ.