ಹೊಳೆ ಬಂದ ಮೇಲೆ ರೆಫರ್ ಮಾಡುವುದು ಎಲ್ಲಿಗೆ?

ಆರೋಗ್ಯ ಕಾರ್ಯಕರ್ತೆಯರ ತರಬೇತಿ ಪುಸ್ತಕಗಳಲ್ಲಿ ಹೆಚ್ಚಿನ ಪಾಠಗಳು ಒಂದೇ ಸಾಲಿಗೆ ಬಂದು ನಿಲ್ಲುತ್ತವೆ: ‘ಕೂಡಲೇ ಮೇಲಿನ ಆಸ್ಪತ್ರೆಗೆ ಕಳಿಸಿ’. ಯಾದಗಿರಿ ಜಿಲ್ಲೆಯ ಕೃಷ್ಣಾ ದಂಡೆಯಲ್ಲಿ ಮಳೆಗಾಲದ ಕೆಲವು ದಿನ ಈ ಸಾಲು ಕೆಲಸಕ್ಕೆ ಬರುವುದಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ನಡುವಿನ ಗಡ್ಡಿಗಳಿಗೆ, ಅಂದರೆ ನಡುಗಡ್ಡೆಯ ಊರುಗಳಿಗೆ, ಹರಿಗೋಲು ಇಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ. 2014ರಲ್ಲಿ ಕಕ್ಕೇರಾ ಸಮೀಪದ ನೀಲಕಂಠರಾಯನ ಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿ ದಡ ಸೇರಿದರು. ಪತ್ರಿಕೆಗಳು ಅದನ್ನು ಸಾಹಸವೆಂದು ಬರೆದವು. ತರಬೇತಿ ಕೊಡುವವರ ಕಣ್ಣಿಗೆ ಅದು ಬೇರೆ ಪಾಠ. ನೀರು ಬರುವ ಮೊದಲೇ ಅವರು ಈಚೆ ದಡದಲ್ಲಿ ಇರಬೇಕಿತ್ತು.

ಹಾಗಾಗಿ ಮುಂಗಾರಿಗೆ ಮುನ್ನ ದಂಡೆಯ ಊರಲ್ಲಿ ಸಿಸ್ಟರ್‌ಗಳಿಗೆ, ಆಶಾಗಳಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ನಡೆಸಿದ ಒಂದು ದಿನದ ತರಬೇತಿಯಲ್ಲಿ ಮೊದಲು ತೆರೆದದ್ದು ಔಷಧಿ ಪೆಟ್ಟಿಗೆಯಲ್ಲ, ಪಂಚಾಂಗ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸುವ ಲೆಕ್ಕ ಎಲ್ಲರಿಗೂ ಗೊತ್ತು. ತಪ್ಪುವುದು ಆ ಮೊದಲ ದಿನವೇ. ತಾರೀಖು ನೆನಪಿಲ್ಲದವರಿಗೂ ಹಬ್ಬ ನೆನಪಿರುತ್ತದೆ. ಬನ್ನಿ ಹಬ್ಬದ ಹೊತ್ತಿಗೆ ಕೊನೆಯ ಮುಟ್ಟಾಗಿದ್ದರೆ ಹೆರಿಗೆ ಜುಲೈಗೆ ಬರುತ್ತದೆ, ದೀಪಾವಳಿಗೆ ಆಗಿದ್ದರೆ ಆಗಸ್ಟ್‌ಗೆ, ಎಳ್ಳ ಅಮಾಸಿಗೆ ಆಗಿದ್ದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಿಗೆ. ಅಂದರೆ ಬನ್ನಿಯಿಂದ ಎಳ್ಳ ಅಮಾಸಿ ತನಕದವರೆಲ್ಲ ಹೊಳೆ ಏರುವ ಕಾಲದ ಬಾಣಂತಿಯರು. ತಾಯಿ ಕಾರ್ಡಿನ ಮೇಲೆ ಕೆಂಪು ಗುರುತು ಹಾಕಬೇಕಾದ್ದು ಇವರಿಗೆ.

ದಿನ ತುಂಬಿದ ತಾರೀಖಿನಂದೇ ಹೆರುವವರು ಇಪ್ಪತ್ತರಲ್ಲಿ ಒಬ್ಬರಷ್ಟೇ. 37 ವಾರ ದಾಟಿದರೆ ಯಾವತ್ತಾದರೂ ನೋವು ಬರಬಹುದು. ಆದ್ದರಿಂದ ಆ ತಾರೀಖಿಗೆ ಮೂರು ವಾರ ಮೊದಲೇ ಹೊಳೆ ದಾಟಿಸಬೇಕು. ಇದನ್ನು ಹಲಗೆಯ ಮೇಲೆ ಬರೆಯುವುದು ಸುಲಭ. ಒಬ್ಬ ಆಶಾ ಕೂತಲ್ಲಿಂದಲೇ ಹೇಳಿದರು: “ಅತ್ತಿ ಹೂಂ ಅನ್ನಲಾರದ ಸೊಸಿ ಹೊಳಿ ದಾಟಂಗಿಲ್ರೀ ಮೇಡಮ್ಮಾರ. ಕಳೆ ತೆಗಿಯೋ ದಿನಾ ಅವು.” ಸರಿಯಾದ ಮಾತು. ಅಂದಿನಿಂದ ಪಟ್ಟಿಯಲ್ಲಿ ಗರ್ಭಿಣಿಯ ಹೆಸರಿನ ಮುಂದೆ ಮೂರು ಕಾಲಂ ಸೇರಿದವು: ದಡದಲ್ಲಿ ಉಳಿಯಲು ಯಾರ ಮನೆ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರು ಯಾರು, ಅತ್ತೆಯ ಹತ್ತಿರ ಮಾತಾಡಿದ್ದು ಯಾವಾಗ. ಮೂರನೆಯದು ಖಾಲಿ ಇದ್ದರೆ ಮೊದಲ ಎರಡು ತುಂಬಿದ್ದೂ ಲೆಕ್ಕಕ್ಕಿಲ್ಲ.

ಇಷ್ಟಾದರೂ ಕೆಲವರು ಗಡ್ಡಿಯಲ್ಲೇ ಉಳಿಯುತ್ತಾರೆ. ದಿನದ ಹೆಚ್ಚಿನ ಹೊತ್ತು ಹೋದದ್ದು ಅವರಿಗಾಗಿ, ಅದರಲ್ಲೂ ಹೆರಿಗೆಯ ನಂತರದ ರಕ್ತಸ್ರಾವಕ್ಕೆ. ಕುಂಕುಮ ಕಲಸಿದ ಅರ್ಧ ಲೀಟರ್ ನೀರನ್ನು ಹಳೆಯ ಸೀರೆಯ ಮೇಲೆ ಸುರುವಿ ‘ಇದು ಎಷ್ಟು?’ ಎಂದು ಕೇಳಿದರೆ, ವರ್ಷಗಳ ಅನುಭವ ಇದ್ದವರೂ ಇನ್ನೂರು ಮಿಲಿಲೀಟರ್ ಅನ್ನುತ್ತಾರೆ. ಬಟ್ಟೆ ಹೀರಿದ್ದು ಕಣ್ಣಿಗೆ ಕಾಣುವುದಿಲ್ಲ. ಅರ್ಧ ಲೀಟರ್ ಅಂದರೆ ಅಪಾಯದ ಗೆರೆ, ರಕ್ತ ಕಡಿಮೆ ಇರುವ ಹೆಂಗಸಿಗೆ ಆ ಗೆರೆ ಇನ್ನೂ ಈಚೆಗೆ.

ಗರ್ಭಕೋಶ ಬಿಗಿಯಿಸಿ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು ಇದ್ದರೆ ಅದೇ ಮೊದಲು: ಮಗು ಹೊರಬಂದ ಒಂದು ನಿಮಿಷದೊಳಗೆ 10 ಯೂನಿಟ್, ತೊಡೆಯ ಸ್ನಾಯುವಿಗೆ. ಆದರೆ ಅದು 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಕರೆಂಟ್ ಹೋಗಿ ನಾಲ್ಕು ದಿನವಾದ ಗಡ್ಡಿಯಲ್ಲಿ ಆಂಪೂಲ್ ನೋಡಲು ಸರಿಯಾಗೇ ಇರುತ್ತದೆ, ಒಳಗಿನ ಔಷಧಿಯ ಬಲ ಮಾತ್ರ ಕುಗ್ಗಿರಬಹುದು. ಅಲ್ಲಿ ಅದೇ ಕೆಲಸ ಮಾಡುವ ಮಿಸೊಪ್ರೊಸ್ಟಾಲ್ ಗುಳಿಗೆ ಬೇಕು. 200 ಮೈಕ್ರೋಗ್ರಾಂನ ಮೂರು ಗುಳಿಗೆ ಒಟ್ಟಿಗೆ ನುಂಗಿಸುವುದು, ಮಗು ಹುಟ್ಟಿದ ಮೇಲೆ, ಹೊಟ್ಟೆಯ ಮೇಲೆ ಕೈಯಿಟ್ಟು ಇನ್ನೊಂದು ಮಗು ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ. ನೋವು ಜೋರಾಗಲಿ ಎಂದು ಮೊದಲೇ ಕೊಟ್ಟರೆ ಗರ್ಭಕೋಶ ಹರಿಯಬಹುದು. ಕೊಟ್ಟ ಮೇಲೆ ಚಳಿ, ಜ್ವರ ಬರಬಹುದು. ಮನೆಯವರಿಗೆ ಮೊದಲೇ ಹೇಳಿರದಿದ್ದರೆ ದೆವ್ವ ಹಿಡಿಯಿತೆಂದು ಗಾಬರಿಯಾಗುತ್ತಾರೆ. ಗುಳಿಗೆಗೆ ತಂಪು ಬೇಡ, ಆದರೆ ತೇವ ಆಗದು. ಸ್ಟ್ರಿಪ್ ಕತ್ತರಿಸುವಾಗ ಹಾಳೆ ಹರಿದರೆ ಆ ಗುಳಿಗೆಯನ್ನು ನೆಚ್ಚಬಾರದು.

ರಕ್ತ ನಿಲ್ಲದಿದ್ದರೆ ಎಲ್ಲರ ಕೈಯೂ ಹೊಟ್ಟೆ ಉಜ್ಜಲು ಓಡುತ್ತದೆ. ಮೊದಲು ಮೂತ್ರಚೀಲ ಖಾಲಿ ಮಾಡಿಸಬೇಕು. ಅದು ತುಂಬಿದ್ದರೆ ಎಷ್ಟು ಉಜ್ಜಿದರೂ ಗರ್ಭಕೋಶ ಬಿಗಿಯುವುದಿಲ್ಲ. ನಂತರ ಮಾಸು ಪೂರ್ತಿ ಬಂದಿದೆಯೇ ಎಂದು ತಿರುವಿ ನೋಡುವುದು, ಮಗುವನ್ನು ಎದೆಗೆ ಹಚ್ಚುವುದು. ಅದಕ್ಕೂ ಬಗ್ಗದಿದ್ದರೆ ಹೊಕ್ಕುಳ ಮೇಲೆ, ತುಸು ಎಡಕ್ಕೆ ಮುಷ್ಟಿಯಿಟ್ಟು ಬೆನ್ನೆಲುಬಿನ ಕಡೆಗೆ ಒತ್ತಬೇಕು. ಒತ್ತಡ ಸರಿಯಿದ್ದರೆ ತೊಡೆಸಂದಿನ ನಾಡಿ ಕೈಗೆ ಸಿಗುವುದಿಲ್ಲ. ನಾಡಿ ಬಡಿಯುತ್ತಲೇ ಇದ್ದರೆ ಒತ್ತುತ್ತಿರುವುದು ಬರೀ ಹೊಟ್ಟೆಯನ್ನು. ಒಬ್ಬರು ಒತ್ತುವುದು, ಇನ್ನೊಬ್ಬರು ನಾಡಿ ಹಿಡಿಯುವುದು, ಸುಸ್ತಾದಾಗ ಕೈ ಬದಲಿಸುವುದು. ಈ ಅಭ್ಯಾಸವನ್ನು ಜೋಡಿಯಾಗಿಯೇ ಮಾಡಿಸಬೇಕು, ಒಬ್ಬರೇ ಕಲಿತು ಪ್ರಯೋಜನವಿಲ್ಲ.

ಬಿಪಿ 160/110 ದಾಟಿ ತಲೆಸಿಡಿತ, ಕಣ್ಣು ಮಂಜಾದರೆ ಅಥವಾ ಫಿಟ್ಸ್ ಬಂದರೆ, ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸನ್ನು ಸಿಸ್ಟರ್ ಅಲ್ಲೇ ಕೊಡಬೇಕು: 10 ಗ್ರಾಂ, ಒಂದೊಂದು ಕುಂಡಿಗೆ 5 ಗ್ರಾಂ, ಸ್ನಾಯುವಿನ ಆಳಕ್ಕೆ. 50 ಪ್ರತಿಶತದ 2 ಮಿಲಿಲೀಟರ್ ಆಂಪೂಲಿನಲ್ಲಿ ಒಂದು ಗ್ರಾಂ ಇರುತ್ತದೆ, ಅಂದರೆ ಹತ್ತು ಆಂಪೂಲ್ ಒಡೆಯಬೇಕು. ಕಂದೀಲು ಬೆಳಕಿನಲ್ಲಿ, ನಡುಗುವ ಕೈಯಲ್ಲಿ ಅದಕ್ಕೆ ಹಿಡಿಯುವ ಹೊತ್ತು ಅಭ್ಯಾಸ ಮಾಡಿದವರಿಗೇ ಗೊತ್ತು. 25 ಪ್ರತಿಶತದ ಆಂಪೂಲೂ ಬರುತ್ತದೆ, ಹಾಗಾಗಿ ಚೀಟಿ ಓದದೆ ಒಡೆಯಬಾರದು. 10 ಮಿಲಿಲೀಟರಿನ ಎರಡು ಸಿರಿಂಜು, 22 ಗೇಜಿನ ಸೂಜಿ, ಜೊತೆಗೆ ಮ್ಯಾಗ್ನೀಸಿಯಂ ಹೆಚ್ಚಾದರೆ ಇಳಿಸುವ ಕ್ಯಾಲ್ಸಿಯಂ ಗ್ಲುಕೋನೇಟ್ ಒಂದೇ ಚೀಲದಲ್ಲಿ ಕಟ್ಟಿಟ್ಟಿರಬೇಕು. ಉಸಿರಾಟ ನಿಮಿಷಕ್ಕೆ 16ಕ್ಕಿಂತ ಇಳಿಯುತ್ತಿದೆಯೇ ಎಂದು ಎಣಿಸುತ್ತಿರಬೇಕು.

ಹಾವಿನ ವಿಷಯ ಮಧ್ಯಾಹ್ನದ ಊಟದ ನಂತರ ಬಂತು. ಹೊಳೆ ಏರಿದಾಗ ಹಾವುಗಳೂ ಒಣ ಜಾಗ ಹುಡುಕಿ ಮನೆ ಸೇರುತ್ತವೆ. 2024ರಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಹಾಗಾಗಿ ರಿಜಿಸ್ಟರು ಚೆನ್ನಾಗಿದೆ. ಗಡ್ಡಿಯಲ್ಲಿ ಮಾಡುವ ಕೆಲಸ ಕಡಿಮೆ: ಬಿಗಿದು ಕಟ್ಟಬಾರದು, ಕೊಯ್ಯಬಾರದು, ಕಡಿದ ಕೈಕಾಲಿಗೆ ದಬ್ಬೆ ಕಟ್ಟಿ ಅಲುಗಾಡದಂತೆ ಮಲಗಿಸಬೇಕು. ದಡದ ಆಸ್ಪತ್ರೆಯಲ್ಲಿ ಕೆಡುವುದು, ವಿಷ ರಕ್ತವನ್ನು ಕೆಡಿಸಿದೆಯೇ ಎಂದು ನೋಡುವ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಗಾಜಿನ ಕೊಳವೆಯೇ ಬೇಕು, ಅದೂ ಒಣಗಿದ್ದು. ಪ್ಲಾಸ್ಟಿಕ್‌ನಲ್ಲಿ ಅಥವಾ ಸೋಪು ಹಾಕಿ ತೊಳೆದ ಕೊಳವೆಯಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ವಿಷನಿರೋಧಕದ ಹತ್ತು ವಯಲ್ ಮಕ್ಕಳಿಗೂ ಅಷ್ಟೇ. ಹಾವು ಬಿಟ್ಟ ವಿಷ ಕಡಿಸಿಕೊಂಡವರ ತೂಕ ನೋಡುವುದಿಲ್ಲ. ವಯಲನ್ನು ಕುಲುಕಬಾರದು, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸಿ ಕರಗಿಸಬೇಕು.

ಕೊನೆಗೆ ಉಳಿದದ್ದು ಯಾವ ಪುಸ್ತಕದಲ್ಲೂ ಇಲ್ಲದ ಪ್ರಶ್ನೆ. ನೀರು ಬಿಡುವ ಮುನ್ಸೂಚನೆ ಬಂದ ರಾತ್ರಿ ಸಿಸ್ಟರ್ ಯಾವ ದಡದಲ್ಲಿ ಮಲಗಬೇಕು? 37 ವಾರ ದಾಟಿದ ಒಬ್ಬರಾದರೂ ಗಡ್ಡಿಯಲ್ಲಿ ಉಳಿದಿದ್ದರೆ ಗಡ್ಡಿಯಲ್ಲೇ, ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಎಂದು ತೀರ್ಮಾನವಾಯಿತು. ಅವರಿಗೆ ಹಾಸಿಗೆ, ಶೌಚಾಲಯ, ವಾರದ ರೇಷನ್ ಯಾರು ಕೊಡಬೇಕೆಂಬುದು ಪಂಚಾಯಿತಿಯವರ ಜೊತೆ ಕೂತು ಮಾತಾಡಬೇಕಾದ ವಿಷಯವೆಂದು ನಡಾವಳಿಯಲ್ಲಿ ಬರೆದಿಟ್ಟರು.